ತೋಳಿನ ತಕರಾರು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನೀರು ಸರಬರಾಜು ಕಚೇರಿಯ ಹೆಡ್ ಗುಮಾಸ್ತರ ಹತ್ತಿರ ಒಡೆಯುವುದಕ್ಕೆ ಮುತ್ತೇನೂ ಇರಲಿಲ್ಲ. ಮಾತು ಮಾತ್ರ ಬೇಕಾದಷ್ಟಿತ್ತು, ಅದನ್ನು ಅವರು ಟೀ ಹೊತ್ತಿನಲ್ಲಿ ಕೈಬಿಚ್ಚಿ ಖರ್ಚು ಮಾಡುತ್ತಿದ್ದರು. ವಿಮಾನದ ವಿಷಯ ಬಂದರೆ ರೆಕ್ಕೆಯ ಬಗ್ಗೆ ಒಂದು ಮಾತು, ಮೂತ್ರಪಿಂಡದ ವಿಷಯ ಬಂದರೆ ಕಲ್ಲಿನ ಬಗ್ಗೆ ಒಂದು ಮಾತು. ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಯಾಕೆಂದರೆ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಕೇಳಿಸಿಕೊಂಡ ಮೊದಲ ವ್ಯಕ್ತಿಯೆಂದರೆ ಹೊಸದಾಗಿ ಬಂದ ಇಂಜಿನಿಯರ್ ಮೇಡಂ. ಅನಾಹುತಕ್ಕೆ ಅದೇ ಮೂಲ.

ಊರಾಚೆಯ ದೊಡ್ಡ ಕೆರೆಯ ದಂಡೆಯಲ್ಲಿ ವರ್ಷಕ್ಕೊಮ್ಮೆ ಟ್ರಯಾಥ್ಲಾನ್ ಪಂದ್ಯ ನಡೆಯುತ್ತಿತ್ತು. ಮೊದಲು ಕೆರೆಯಲ್ಲಿ ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ಮೂರನ್ನೂ ಒಬ್ಬರೇ ಮಾಡುವ ಗಟ್ಟಿಗರಿಗೆ ಒಂದು ಪಂದ್ಯ, ಮೂವರು ಹಂಚಿಕೊಂಡು ಮಾಡುವ ಕಚೇರಿ ಮಂದಿಗೆ ಇನ್ನೊಂದು. ಸೈಕಲ್ಲಿಗೆ ಮೇಡಂ ತಾವೇ ನಿಂತರು. ಓಟಕ್ಕೆ ಜೀಪಿನ ಡ್ರೈವರ್ ಸಿಕ್ಕಿದ. ಆ ಜೀಪು ದಾರಿಯಲ್ಲಿ ನಿಂತುಬಿಡುತ್ತಿದ್ದ ರೀತಿಗೆ ಅವನಿಗೆ ಓಡುವ ಅಭ್ಯಾಸ ತಾನಾಗಿಯೇ ಆಗಿತ್ತು. ಈಜಿಗೆ ಮಾತ್ರ ಜನ ಸಿಗಲಿಲ್ಲ.

“ವಿದ್ಯುತ್ ಕಚೇರಿಯವರು ಆಡ್ಕೊಂಡು ನಗ್ತಿದ್ದಾರೆ,” ಎಂದರು ಮೇಡಂ, ಟೀ ಲೋಟ ಹಿಡಿದುಕೊಂಡು. “ನೀರಿನ ಕಚೇರೀಲಿ ನೀರಿಗಿಳಿಯೋ ಒಂದು ಪ್ರಾಣೀನೂ ಇಲ್ವಾ ಅಂತ. ಅವರ ಕಡೆ ಒಬ್ಬ ಲೈನ್‌ಮನ್ ಇದ್ದಾನಂತೆ, ಮೀನು ಈಜಿದ ಹಾಗೆ ಈಜ್ತಾನಂತೆ.”

ಎಲ್ಲರೂ ತಮ್ಮ ತಮ್ಮ ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ಬಗ್ಗಿ ನೋಡತೊಡಗಿದರು. ಮೌನ ಗುಮಾಸ್ತರಿಗೆ ಆಗಿಬರುತ್ತಿರಲಿಲ್ಲ. ಹಿಂದಿನ ಸಂಜೆ ಮಳೆಗೆ ಸಿಕ್ಕಿ ಅವರು ಆಟದ ಸಾಮಾನಿನ ಅಂಗಡಿಯ ಮಾಡಿನ ಕೆಳಗೆ ನಿಂತಿದ್ದಾಗ, ಪಕ್ಕದಲ್ಲಿ ಇಬ್ಬರು ಹುಡುಗರು ಗಾಜಿನೊಳಗೆ ತೂಗುಹಾಕಿದ್ದ ಕಪ್ಪು ರಬ್ಬರಿನ ಈಜುಡುಪನ್ನು ನೋಡಿ ಜಗಳವಾಡುತ್ತಿದ್ದರು. ಆ ಜಗಳದ ಒಂದು ತುಣುಕು ಗುಮಾಸ್ತರ ಕಿವಿಯಲ್ಲಿ ಇನ್ನೂ ಬೆಚ್ಚಗಿತ್ತು.

“ಈಜೋದು ಬಿಡಿ ಮೇಡಂ, ಅದೇನು ಮಹಾ,” ಎಂದರು ಅವರು ಟೀ ಆರಿಸಿಕೊಳ್ಳುತ್ತಾ. “ಆ ಕೆರೆ ನೀರು ಬರ್ಫ. ವೆಟ್‌ಸೂಟ್ ಇಲ್ದೆ ಇಳಿಯೋ ಹಾಗಿಲ್ಲ. ತೋಳಿರೋದು ಹಾಕ್ಕೋಬೇಕೋ, ತೋಳಿಲ್ಲದ್ದು ಹಾಕ್ಕೋಬೇಕೋ? ಇರೋ ಪ್ರಶ್ನೆ ಅದೊಂದೇ.”

ಮೇಡಂ ಲೋಟ ಕೆಳಗಿಟ್ಟರು. ಅವರ ಮುಖ ಅರಳಿದ್ದನ್ನು ನೋಡಿ ಗುಮಾಸ್ತರ ಮುಖ ಬಾಡಿತು, ಆದರೆ ಅಷ್ಟರಲ್ಲಿ ತಡವಾಗಿತ್ತು.

“ಇಷ್ಟು ದಿನ ಬಾಯಿ ಮುಚ್ಕೊಂಡಿದ್ರಲ್ಲ! ಇಷ್ಟೆಲ್ಲ ತಿಳ್ಕೊಂಡಿರೋರು ಈಜದೆ ಇರ್ತೀರಾ?”

“ಹಿಂದೆ... ಏನೋ ಸ್ವಲ್ಪ...”

“ನೋಡಿ, ಎಷ್ಟು ವಿನಯ!” ಎಂದರು ಮೇಡಂ ಎಲ್ಲರ ಕಡೆ ತಿರುಗಿ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆಯಿದೆ. ನೀರಿನ ಕಚೇರಿಗೆ ಬಂದ ಗುಮಾಸ್ತರು ಕೆರೆಗೆ ಬರಲೇಬೇಕೆಂದು ಅಲ್ಲಿಗೆ ತೀರ್ಮಾನವಾಯಿತು.

ಗುಮಾಸ್ತರಿಗೆ ಈಜು ಬರುತ್ತಿರಲಿಲ್ಲ ಎಂದು ಹೇಳಿದರೆ ಅನ್ಯಾಯವಾದೀತು. ಚಿಕ್ಕಂದಿನಲ್ಲಿ ಕಲಿತಿದ್ದರು. ಈಗಲೂ ಬಿಡುವಿದ್ದಾಗ ಊರಿನ ಈಜುಕೊಳಕ್ಕೆ ಹೋಗುತ್ತಿದ್ದರು. ಹೋಗಿ ಎದೆಮಟ್ಟದ ನೀರಿನಲ್ಲಿ ನಿಂತು, ಈಜುತ್ತಿದ್ದವರನ್ನು ತಡೆದು ಮಾತನಾಡಿಸುತ್ತಿದ್ದರು. ರುಜು ಹಾಕಲು ಬಲ್ಲವನಿಗೆ ಬರೆಯಲು ಬರುತ್ತದೆ ಎನ್ನುವುದಾದರೆ, ಗುಮಾಸ್ತರಿಗೂ ಈಜು ಬರುತ್ತಿತ್ತು.

ಮರುದಿನದಿಂದ ಕಚೇರಿಯಲ್ಲಿ ಅವರ ಮರ್ಯಾದೆಯೇ ಬದಲಾಯಿತು. ಇಷ್ಟು ವರ್ಷ ಅವರ ಮೇಜಿನ ಹತ್ತಿರ ಸುಳಿಯದವರು ಬಂದು ಕುರ್ಚಿ ಎಳೆದುಕೊಂಡು ಕೂತರು. “ಹಾಗಾದ್ರೆ ಯಾವ್ದು ಸಾರ್? ತೋಳಿರೋದೋ, ಇಲ್ದಿರೋದೋ?” ಗುಮಾಸ್ತರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತು, “ತೋಳಿದ್ರೆ ಬೆಚ್ಚಗಿರುತ್ತೆ, ತೇಲಿಸುತ್ತೆ. ತೋಳಿಲ್ದಿದ್ರೆ ಭುಜ ಆಡುತ್ತೆ. ವಿಷಯ ಸೂಕ್ಷ್ಮ,” ಎನ್ನುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ಅಷ್ಟೇ. ಮಳೆ ಅಲ್ಲಿಗೇ ನಿಂತು, ಹುಡುಗರು ಹೊರಟುಹೋಗಿದ್ದರು.

ವಿಷಯ ಸೂಕ್ಷ್ಮವಾದಷ್ಟೂ ಜಗಳ ದೊಡ್ಡದಾಗುತ್ತದೆ. ಬೇಸಿಗೆಯಲ್ಲೂ ಕತ್ತಿಗೆ ಮಫ್ಲರ್ ಸುತ್ತಿಕೊಂಡೇ ಬರುತ್ತಿದ್ದ ಅಕೌಂಟೆಂಟರು ತೋಳಿನ ಪಕ್ಷ ಹಿಡಿದರು. ಸದಾ ತೋಳು ಮಡಚಿಕೊಂಡೇ ಓಡಾಡುತ್ತಿದ್ದ ಪೈಪ್ ವಿಭಾಗದ ಮೇಲ್ವಿಚಾರಕಿ ತೋಳಿಲ್ಲದ ಪಕ್ಷ ಕಟ್ಟಿದರು.

“ಮನುಷ್ಯನಿಗೆ ಶೀತ ನುಗ್ಗೋದೇ ಕಂಕುಳಿಂದ ಕಣಮ್ಮಾ!” ಎಂದು ಅಕೌಂಟೆಂಟರು ಮೆಟ್ಟಿಲ ಮೇಲೆ ನಿಂತು ಕೂಗಿದರು.

“ಕಂಕುಳಿಗೂ ಮಫ್ಲರ್ ಸುತ್ಕೊಳ್ಳಿ, ಯಾರು ಬೇಡ ಅಂದ್ರು?” ಎಂದು ಮೇಲ್ವಿಚಾರಕಿ ಕೆಳಗಿನಿಂದ ಉತ್ತರಿಸಿದರು.

ಮೀಟರ್ ವಿಭಾಗದವರು ಅಕೌಂಟೆಂಟರ ಹಿಂದೆ ನಿಂತರು. ಪೈಪಿನವರೆಲ್ಲ ಶರಟಿನ ತೋಳು ಮಡಚಿದರು. ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ದೂರು ಕೊಡಲು ಬಂದ ಮುದುಕರೊಬ್ಬರನ್ನು “ನೀವು ಯಾವ ಕಡೆ?” ಎಂದು ಕೇಳಲಾಯಿತು. ಅವರು ಗಾಬರಿಯಿಂದ “ಮೂರನೇ ಅಡ್ಡರಸ್ತೆ ಕಡೆ,” ಎಂದರು.

ಈ ಜಗಳ ಎಷ್ಟು ದಿನ ಎಳೆದರೆ ಗುಮಾಸ್ತರಿಗೆ ಅಷ್ಟು ಕ್ಷೇಮ. ಮೇಡಂ ಕೇಳಿದಾಗಲೆಲ್ಲ “ಯೋಚನೆ ಮಾಡ್ತಿದ್ದೀನಿ ಮೇಡಂ, ಎರಡೂ ಕಡೆ ನ್ಯಾಯ ಇದೆ,” ಎನ್ನುತ್ತಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ನೀತಿಯಲ್ಲಿ ವಾರಗಳು ಕಳೆದವು. ಹಾಗೆಂದು ಅವರು ಕೈಕಟ್ಟಿ ಕೂತಿರಲಿಲ್ಲ. ಹೆದರಿಕೆ ದೊಡ್ಡ ಗುರು. ದಿನಾ ಬೆಳಿಗ್ಗೆ ಕೊಳಕ್ಕೆ ಹೋಗಿ, ಮಾತು ಬಿಟ್ಟು, ನಿಜವಾಗಿಯೂ ಕೈಕಾಲು ಬಡಿದರು. ಏದುಸಿರು ಬಿಡುತ್ತಾ ಈ ಅಂಚಿನಿಂದ ಆ ಅಂಚಿಗೆ, ಆ ಅಂಚಿನಿಂದ ಈ ಅಂಚಿಗೆ. ಕೊಳದ ಕಾವಲುಗಾರ ಮೊದಲ ದಿನ ಇವರಿಗೆ ಏನೋ ಆಗಿದೆಯೆಂದು ಹಗ್ಗ ಎಸೆದಿದ್ದ. ಆಮೇಲಾಮೇಲೆ ಎಸೆಯುವುದನ್ನು ಬಿಟ್ಟ.

ಮನೆಯಲ್ಲಿ ಮಾತ್ರ ಅವರು ಬಾಯಿಬಿಡಲಿಲ್ಲ, ವಾಕಿಂಗ್ ಎಂದು ಹೇಳಿ ಹೋಗುತ್ತಿದ್ದರು. ಹೇಳಿದರೆ ಹೆಂಡತಿ ಬೈಯುವುದಿಲ್ಲ, ತಡೆಯುವುದಿಲ್ಲ, “ನೀವಾ?” ಎಂದು ಒಂದೇ ಒಂದು ಮಾತು ಕೇಳುತ್ತಾಳೆ ಎಂಬುದು ಅವರಿಗೆ ಗೊತ್ತಿತ್ತು. ಆ ಒಂದು ಮಾತನ್ನು ಎದುರಿಸುವುದಕ್ಕಿಂತ ಕೆರೆಗೆ ಹಾರುವುದೇ ವಾಸಿ ಎನಿಸಿತ್ತು.

ಪಂದ್ಯದ ಹಿಂದಿನ ದಿನ ಮೇಡಂ ಅವರ ಸಹನೆ ಮುಗಿಯಿತು. “ಈಗಲೇ ಹೋಗಿ ಒಂದು ಸೂಟು ತನ್ನಿ. ಯಾವ್ದಾದ್ರೂ ಸರಿ,” ಎಂದು ಗುಮಾಸ್ತರನ್ನು ಅಂಗಡಿಗೆ ಅಟ್ಟಿದರು. ಪಕ್ಷದ ಹಿತ ಕಾಯಲು ಅಕೌಂಟೆಂಟರೂ ಜೊತೆಗೆ ಹೊರಟರು.

ಅಂಗಡಿಯವನು ಉತ್ಸಾಹಿ. ಪಂದ್ಯದ ಹಿಂದಿನ ದಿನ ಬಂದರೆ ಅಂಗಡಿಯಲ್ಲಿ ಉಳಿದಿರುವುದು ಉತ್ಸಾಹ ಮಾತ್ರ. ತೋಳಿಲ್ಲದವೆಲ್ಲ ಖರ್ಚಾಗಿದ್ದವು. ತೋಳಿರುವುದು ಒಂದೇ ಒಂದು ಉಳಿದಿತ್ತು.

“ಇದು ನಿಮ್ಗೆ ಅಂತಲೇ ಉಳಿದಿದೆ ನೋಡಿ ಸಾರ್.”

“ಸ್ವಲ್ಪ ಚಿಕ್ಕದು ಅನ್ಸುತ್ತಪ್ಪ.”

“ವೆಟ್‌ಸೂಟ್ ಬಿಗಿಯಾಗೇ ಇರ್ಬೇಕು ಸಾರ್. ಎರಡನೇ ಚರ್ಮದ ಹಾಗೆ.”

“ಮೊದಲನೇ ಚರ್ಮವೇ ಇವರಿಗೆ ಬಿಗಿಯಾಗಿದೆ,” ಎಂದರು ಅಕೌಂಟೆಂಟರು, ಗುಮಾಸ್ತರ ಹೊಟ್ಟೆಯ ಕಡೆ ನೋಡಿ.

ಪರದೆಯ ಹಿಂದೆ ನಡೆದದ್ದನ್ನು ವಿವರಿಸುವುದು ಸಭ್ಯತೆಯಲ್ಲ. ಕಾಲು ಹೋಯಿತು, ಹೊಟ್ಟೆ ಹೋಗಲಿಲ್ಲ, ಅಕೌಂಟೆಂಟರು ಹಿಂದಿನಿಂದ ಎತ್ತಿದರು, ಅಂಗಡಿಯವನು ಮುಂದಿನಿಂದ ಒತ್ತಿದ, ಹೊಟ್ಟೆಯೂ ಹೋಯಿತು. ಕೊನೆಗೆ ಬೆನ್ನ ಜಿಪ್ಪನ್ನು ಇಬ್ಬರೂ ಸೇರಿ ಜಗ್ಗಿ ಮೇಲಕ್ಕೆಳೆದಾಗ ‘ಟಕ್’ ಎಂಬ ಸದ್ದು ಬಂತು. ಸೂಟು ಗುಮಾಸ್ತರನ್ನು ಹಿಡಿದುಕೊಂಡಿತು. ಎರಡು ಕೈಗಳೂ ಅಕ್ಕಪಕ್ಕ ಚಾಚಿಕೊಂಡು, ಹೊಲದಲ್ಲಿ ನಿಲ್ಲಿಸಿದ ಬೆದರುಬೊಂಬೆಯ ಹಾಗೆ ಅವರು ನಿಂತರು. ಇಳಿಸಲು ಹೋದರೆ ಏರುತ್ತಿದ್ದವು, ಏರಿಸಲು ಹೋದರೆ ಇಳಿಯುತ್ತಿದ್ದವು.

“ಹೇಗಿದೆ ಸಾರ್?”

“ಬೆಚ್ಚಗಿದೆ,” ಎಂದರು ಗುಮಾಸ್ತರು ಕ್ಷೀಣ ಸ್ವರದಲ್ಲಿ. “ಬಿಚ್ಚಪ್ಪ ಇನ್ನು.”

ಜಿಪ್ಪು ಬಿಚ್ಚಲಿಲ್ಲ. ಸೋಪು ಹಚ್ಚಿದರು, ಎಣ್ಣೆ ಬಿಟ್ಟರು, ಇಕ್ಕಳ ಹಾಕಿದರು. ಅಕೌಂಟೆಂಟರು ಒಂದು ಸಲ ದೂರ ಹೋಗಿ ಓಡಿಬಂದು ಎಳೆದರು. ಅದು ಹಲ್ಲು ಕಚ್ಚಿಕೊಂಡೇ ಇತ್ತು.

“ನಿಮ್ಮ ಮನೆಯವರು ಟೈಲರ್ ಅಲ್ವಾ?” ಎಂದು ಅಕೌಂಟೆಂಟರಿಗೆ ನೆನಪಾಯಿತು. “ಜಿಪ್ಪಿನ ವಿಷಯ ಅವರಿಗೆ ಗೊತ್ತಿರುತ್ತೆ. ನಡೀರಿ.”

ಹೀಗೆ ಗುಮಾಸ್ತರು ಕಪ್ಪು ಸೂಟಿನ ಮೇಲೆ ತಮ್ಮ ರೇನ್‌ಕೋಟನ್ನು ಹೊದ್ದುಕೊಂಡು ಬಸ್ಸು ಹತ್ತಬೇಕಾಯಿತು. ರೇನ್‌ಕೋಟಿನೊಳಗೆ ಚಾಚಿದ ಕೈಗಳಿಂದಾಗಿ ಅವರು ಅರ್ಧ ತೆರೆದ ಕೊಡೆಯಂತೆ ಕಾಣುತ್ತಿದ್ದರು. ಹೊರಗೆ ಬಿಸಿಲು ಹೊಡೆಯುತ್ತಿತ್ತು.

“ಕೈ ಇಳಿಸ್ರೀ,” ಎಂದ ಕಂಡಕ್ಟರ್. “ಇಬ್ಬರ ಜಾಗ ಹಿಡ್ಕೊಂಡು ನಿಂತಿದ್ದೀರಲ್ಲ.”

“ಇಳಿಯಲ್ಲಪ್ಪ.”

“ಇಳಿಯಲ್ಲ ಅಂದ್ರೆ? ಕೈ ನಿಮ್ದೇ ತಾನೆ?”

“ಕೈ ಅವರದೇ,” ಎಂದು ಅಕೌಂಟೆಂಟರು ಸಮಾಧಾನ ಹೇಳಿದರು. “ತೋಳು ಅಂಗಡಿಯವರದು.”

ಕಂಡಕ್ಟರ್ ಇದನ್ನು ಯೋಚಿಸುತ್ತಾ ಮುಂದೆ ಹೋದ. ಹಿಂದಿನ ಸೀಟಿನ ಹೆಂಗಸೊಬ್ಬಳು, “ಪಾಪ, ಪ್ಲಾಸ್ಟರ್ ಹಾಕಿರ್ಬೇಕು. ಎರಡೂ ಕೈ!” ಎಂದು ಮರುಗಿ ಎದ್ದು ಜಾಗ ಕೊಟ್ಟಳು. ಗುಮಾಸ್ತರಿಗೆ ಮೊಣಕಾಲು ಮಡಚಲೂ ಆಗುತ್ತಿರಲಿಲ್ಲ. ಕೊಟ್ಟ ಜಾಗದ ಮೇಲೆ ಅವರು ಹಲಗೆಯಂತೆ ಒರಗಿಕೊಂಡರು.

ಮನೆಯ ಮುಂಗೋಣೆಯೇ ಹೆಂಡತಿಯ ಟೈಲರ್ ಅಂಗಡಿ. ಮಷಿನ್ನಿನ ಮುಂದೆ ಆಕೆ ಯಾರದೋ ಕೋಟಿಗೆ ತೋಳು ಕೂರಿಸುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಗುಮಾಸ್ತರ ಅತ್ತೆ ಗುಂಡಿ ಆರಿಸುತ್ತಿದ್ದರು. ಬಾಗಿಲಲ್ಲಿ ಅಡ್ಡಡ್ಡ ನುಗ್ಗಲು ಹೋಗಿ ಸಿಕ್ಕಿಕೊಂಡ ಗುಮಾಸ್ತರನ್ನು ಅಕೌಂಟೆಂಟರು ತಿರುಗಿಸಿ ಒಳಗೆ ತಂದರು. ರೇನ್‌ಕೋಟು ಜಾರಿ ಬಿತ್ತು.

ಅತ್ತೆಯ ಕೈಯ ಗುಂಡಿಗಳೆಲ್ಲ ನೆಲಕ್ಕೆ ಚೆಲ್ಲಿದವು. “ಅಯ್ಯೋ, ಅಳಿಯಂದಿರು ಸುಟ್ಟು ಕರಕಲಾಗಿದ್ದಾರೆ!”

“ಇಲ್ಲಮ್ಮ, ಇದು ಬಟ್ಟೆ,” ಎಂದಳು ಹೆಂಡತಿ. ಅವಳು ಗಂಡನ ಮುಖ ನೋಡಲೇ ಇಲ್ಲ, ಭುಜ ನೋಡುತ್ತಿದ್ದಳು. ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದು ಬೆರಳಿನಿಂದ ಒತ್ತಿದಳು. “ಯಾರು ಇದನ್ನ ಕತ್ತರಿಸಿದ್ದು? ಇದೊಂದು ತೋಳಾ? ಕಂಕುಳಲ್ಲಿ ಎರಡು ಬೆರಳು ಜಾಗ ಬಿಟ್ಟಿಲ್ಲ. ಯಾವ ಕಟುಕ ಹೊಲಿದ?”

“ನಾಳೆ ಕೆರೆಯಲ್ಲಿ ಈಜು ಇದೆ. ಸೂಟಿಗೆ ತೋಳು ಬೇಕೋ ಬೇಡ್ವೋ ಅಂತ ವಾರಗಟ್ಟಲೆ ಚರ್ಚೆ ಮಾಡಿದ್ದೀವಿ. ಇವರೇ ನಮ್ಮ ಕಚೇರಿ ಈಜುಗಾರರು,” ಎಂದರು ಅಕೌಂಟೆಂಟರು, ಯಾವ ಗುಟ್ಟೂ ತಿಳಿಯದೆ.

ಆಕೆ ಈಗ ಗಂಡನ ಮುಖ ನೋಡಿದಳು. “ನೀವಾ?”

ಗುಮಾಸ್ತರು ಕೈ ಚಾಚಿಕೊಂಡೇ ತಲೆ ತಗ್ಗಿಸಿದರು.

“ತೋಳಿನ ವಿಷಯಕ್ಕೆ ಊರೆಲ್ಲ ಕೇಳಿದ್ದೀರ. ಹುಟ್ಟಿದಾಗಿನಿಂದ ತೋಳು ಹೊಲೀತಿರೋಳು ಮನೇಲೇ ಕೂತಿದ್ದೀನಿ. ನನ್ನ ಒಂದು ಮಾತು ಕೇಳ್ಲಿಲ್ಲ!”

ಸಿಟ್ಟು ಈಜಿನ ಮೇಲಲ್ಲ, ತೋಳಿನ ಮೇಲೆ ಎಂದು ತಿಳಿದು ಗುಮಾಸ್ತರಿಗೆ ಅರ್ಧ ಜೀವ ಬಂದಂತಾಯಿತು. ಉಳಿದ ಅರ್ಧ ಸೂಟಿನ ಕೈಯಲ್ಲಿತ್ತು. ಆಕೆ ಮೇಣದ ಬತ್ತಿಯ ತುಂಡು ತಂದು ಜಿಪ್ಪಿನ ಹಲ್ಲಿಗೆ ಉಜ್ಜಿ, ಸೂಜಿಯ ತುದಿಯಿಂದ ಸಿಕ್ಕಿಕೊಂಡಿದ್ದ ಬನಿಯನ್ನಿನ ಎಳೆಯನ್ನು ಬಿಡಿಸಿದಳು. ಜಿಪ್ಪು ಸುಯ್ಯೆಂದು ಇಳಿಯಿತು. ಸೂಟು ಕಳಚಿ ಮೇಜಿನ ಮೇಲೆ ಬಿತ್ತು, ಗುಮಾಸ್ತರು ಕುರ್ಚಿಯ ಮೇಲೆ ಬಿದ್ದರು.

“ಹೀಗೆ ಹಾಕ್ಕೊಂಡು ಈಜಿದ್ರೆ ಮುಳುಗೋದೇ,” ಎಂದಳು ಆಕೆ, ಕತ್ತರಿ ಕೈಗೆತ್ತಿಕೊಂಡು. “ತೋಳು ಇಡ್ಬೇಕೋ ತೆಗೀಬೇಕೋ, ಈಗ ಹೇಳಿ. ಇಡೋದಾದ್ರೆ ಕಂಕುಳಿಗೆ ಏನಾದ್ರೂ ಸೇರಿಸ್ತೀನಿ. ತೆಗಿಯೋದಾದ್ರೆ ತೆಗೀತೀನಿ.”

“ತೋಳು ತೆಗೆಯೋ ಹಾಗಿಲ್ಲ!” ಎಂದು ಅಕೌಂಟೆಂಟರು ಕೂಗಿದರು. “ಇದು ನಮ್ಮ ವಿಭಾಗದ ಮರ್ಯಾದೆ ಪ್ರಶ್ನೆ.”

ಅಷ್ಟರಲ್ಲಿ ಗುಮಾಸ್ತರ ಫೋನು ಹೊಡೆದುಕೊಂಡಿತು. ಮೇಡಂ. ಗುಮಾಸ್ತರು ಎದ್ದು ನಿಂತು ಕಿವಿಗಿಟ್ಟುಕೊಂಡರು. ಮೇಲಧಿಕಾರಿಗಳ ಜೊತೆ ಮಾತಾಡುವಾಗ ಅವರ ದನಿ ತಾನಾಗಿ ಏರುತ್ತಿತ್ತು.

“ಏನು ತಂದ್ರಿ? ಯೋಚನೆ ಮಾಡಿದೆ, ತೋಳಿಲ್ಲದ್ದೇ ವಾಸಿ ಅನ್ಸುತ್ತೆ. ಭುಜ ಆಡ್ಬೇಕಲ್ಲ,” ಎಂದರು ಮೇಡಂ ಆ ಕಡೆಯಿಂದ.

“ಖಂಡಿತ ಮೇಡಂ! ತೋಳಿಲ್ಲದ್ದೇ ಸರಿ!” ಎಂದರು ಗುಮಾಸ್ತರು ಗಟ್ಟಿಯಾಗಿ.

ಕರಕ್ ಎಂದಿತು ಕತ್ತರಿ. ಆಕೆಯ ಕೈ ಬಹಳ ಚುರುಕು. ಎಡತೋಳು ಮೇಜಿನಿಂದ ಕೆಳಗೆ ಬಿತ್ತು. ಆಕೆ ಸೂಟನ್ನು ತಿರುಗಿಸಿ ಬಲತೋಳಿಗೆ ಕತ್ತರಿ ಇಟ್ಟಳು.

“ಆದ್ರೂ ನೋಡಿ, ಇವತ್ತು ನೀರು ಇನ್ನೂ ತಣ್ಣಗಿದೆಯಂತೆ. ತೋಳಿರೋದೇ ಕ್ಷೇಮವೇನೋ,” ಎಂದರು ಮೇಡಂ.

“ಅದೂ ನಿಜವೇ ಮೇಡಂ! ತೋಳಿರೋದೇ ಸರಿ!”

ಕತ್ತರಿ ನಿಂತಿತು. ಕೋಣೆಯೂ ನಿಂತಿತು. ಅತ್ತೆ ನೆಲದ ಮೇಲಿನ ತೋಳನ್ನು ಎತ್ತಿಕೊಂಡು, “ಇದನ್ನ ಏನು ಮಾಡ್ಲಿ?” ಎಂದು ಕೇಳಿದರು. ಅಕೌಂಟೆಂಟರು ಮಫ್ಲರಿನ ತುದಿಯಿಂದ ಕಣ್ಣೊರೆಸಿಕೊಂಡರು.

“ಮತ್ತೆ ಹೊಲಿದುಬಿಡೆ,” ಎಂದರು ಗುಮಾಸ್ತರು ಫೋನಿಟ್ಟು.

“ಇದು ರಬ್ಬರ್. ಸೂಜಿ ಹಾಕಿದಲ್ಲೆಲ್ಲ ತೂತು, ತೂತಲ್ಲೆಲ್ಲ ನೀರು. ಅಂಟು ಹಾಕಿದ್ರೆ ನಾಳೆ ಬೆಳಿಗ್ಗೆಗೆ ಒಣಗಲ್ಲ.”

“ಹಾಗಾದ್ರೆ ಇನ್ನೊಂದನ್ನೂ ಕತ್ತರಿಸು.”

“ಮೇಡಂ ತೋಳಿರ್ಬೇಕು ಅಂದ್ರಲ್ಲ?”

“ಅಂದ್ರು.”

“ಮೊದಲು ಬೇಡ ಅಂದ್ರಲ್ಲ?”

“ಹಾಗೂ ಅಂದ್ರು.”

ಗುಮಾಸ್ತರು ಯೋಚಿಸಿದರು. ಯೋಚಿಸಿದಷ್ಟೂ ಅವರಿಗೆ ಒಂದು ವಿಚಿತ್ರ ಸಮಾಧಾನ ಬಂತು: ಒಂದು ತೋಳಿದ್ದು ಒಂದಿಲ್ಲದಿದ್ದರೆ ಮೇಡಂ ಅವರ ಎರಡು ಮಾತನ್ನೂ ನಡೆಸಿದಂತಾಯಿತು, ಎರಡೂ ಪಕ್ಷದವರಿಗೆ ಒಂದೊಂದು ಕೊಟ್ಟಂತಾಯಿತು. ಇಂಥ ರಾಜಿ ಅವರ ಇಡೀ ಸೇವಾವಧಿಯಲ್ಲಿ ಆಗಿರಲಿಲ್ಲ. “ಇರಲಿ ಬಿಡು,” ಎಂದರು.

ಹೆಂಡತಿಗೆ ಮಾತ್ರ ಸಮಾಧಾನವಾಗಲಿಲ್ಲ. “ನನ್ನ ಕೈಯಿಂದ ಹೋದ ಬಟ್ಟೆ ಹೀಗೆ ಹರಕು ಅಂಚಲ್ಲಿ ಹೋಗೋದು ಬೇಡ, ಅಂಚಲ್ಲಿ ತೂತಾದ್ರೆ ಚಿಂತೆ ಇಲ್ಲ,” ಎಂದು, ಕತ್ತರಿಸಿದ ಎಡಭುಜದ ಸುತ್ತ ಕೆಂಪು ಪಟ್ಟಿ ಇಟ್ಟು, ಒತ್ತೊತ್ತಾಗಿ ಅಂಚು ಕಟ್ಟಿದಳು. ಹಾಗೆಯೇ ಬಲಕಂಕುಳನ್ನೂ ಎಳೆದೆಳೆದು ಒಂದಿಷ್ಟು ಸಡಿಲ ಮಾಡಿದಳು. ಗುಮಾಸ್ತರು ಅದನ್ನು ನೋಡುತ್ತಾ ಕೂತರು. ಪಂದ್ಯ ನೋಡಲು ಬಾ ಎಂದು ಇವರು ಕರೆಯಲಿಲ್ಲ. ಆದರೆ ಬೆಳಿಗ್ಗೆ ಇವರು ಹೊರಡುವಾಗ ಅವಳು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

ಕೆರೆಯ ದಂಡೆಯಲ್ಲಿ ಜನಜಾತ್ರೆ. ವಿದ್ಯುತ್ ಕಚೇರಿಯ ಲೈನ್‌ಮನ್ ಕಂಬದಷ್ಟೇ ಎತ್ತರವಿದ್ದ. ತೋಳಿಲ್ಲದ ಸೂಟು ಹಾಕಿ ಎರಡೂ ಕೈಯನ್ನು ಗಾಳಿಯಂತ್ರದಂತೆ ತಿರುಗಿಸುತ್ತಿದ್ದ. ಗುಮಾಸ್ತರು ರೇನ್‌ಕೋಟು ತೆಗೆದಾಗ ಸುತ್ತಲಿನವರೆಲ್ಲ ಕತ್ತು ಉದ್ದ ಮಾಡಿ ನೋಡಿದರು.

ತೀರ್ಪುಗಾರರು ಓಡಿಬಂದರು. ಗುಮಾಸ್ತರ ಬಲಕ್ಕೆ ಒಂದು ಸುತ್ತು, ಎಡಕ್ಕೆ ಒಂದು ಸುತ್ತು ಬಂದರು. “ಇದೇನ್ರೀ ಇದು? ನಿಯಮದಲ್ಲಿ ತೋಳಿರೋ ಸೂಟಿಗೆ ಅವಕಾಶ ಇದೆ, ತೋಳಿಲ್ಲದ್ದಕ್ಕೂ ಇದೆ. ಇದು ಯಾವ್ದು?”

“ಇದು ಎರಡೂ ಹೌದು ಸಾರ್,” ಎಂದರು ಗುಮಾಸ್ತರು.

“ಅಥವಾ ಎರಡೂ ಅಲ್ಲ,” ಎಂದರು ತೀರ್ಪುಗಾರರು.

“ಸರಾಸರಿ ತಗೊಂಡ್ರೆ ಅರ್ಧ ತೋಳು ಸಾರ್,” ಎಂದು ಅಕೌಂಟೆಂಟರು ಮಧ್ಯೆ ಬಂದರು. “ಅರ್ಧ ತೋಳು ಹಾಕ್ಕೋಬಾರದು ಅಂತ ನಿಯಮದಲ್ಲಿ ಇದ್ಯಾ?” ತೀರ್ಪುಗಾರರು ಆಕಾಶ ನೋಡಿದರು. ಇರಲಿಲ್ಲ.

ಮೇಡಂ ತಮ್ಮ ಸೈಕಲ್ಲಿನ ಪಕ್ಕದಿಂದ ಬಂದು, ಗುಮಾಸ್ತರ ಎರಡು ಭುಜವನ್ನೂ ಬೇರೆಬೇರೆಯಾಗಿ ನೋಡಿದರು. “ಮೇಡಂ, ನಿಜ ಹೇಳ್ಬಿಡ್ತೀನಿ. ನನಗೆ ಈ ಸೂಟಿನ ವಿಷಯ ಏನೂ...” ಎಂದು ಗುಮಾಸ್ತರು ಶುರುಮಾಡಿದರು. ಅಷ್ಟರಲ್ಲಿ ಮೈಕಿನವನು ಅವರ ಬಾಯಿಗೆ ಮೈಕು ಹಿಡಿದ.

“ಪ್ರೇಕ್ಷಕರೇ, ಇಲ್ಲೊಂದು ಹೊಸ ಪ್ರಯೋಗ! ಸಾರ್, ಈ ಒಂಟಿ ತೋಳಿನ ಗುಟ್ಟೇನು?”

ಮೈಕು ಕಂಡರೆ ಸತ್ಯ ಹಿಂದೆ ಸರಿಯುತ್ತದೆ. “ಒಂದು ಕೈಗೆ ರಕ್ಷಣೆ,” ಎಂದಿತು ಗುಮಾಸ್ತರ ಬಾಯಿ, ಅವರನ್ನು ಕೇಳದೆ. “ಇನ್ನೊಂದು ಕೈಗೆ ಸ್ವಾತಂತ್ರ್ಯ.”

ದಂಡೆಯಲ್ಲಿ ಚಪ್ಪಾಳೆ ಬಿತ್ತು. ಪಕ್ಕದಲ್ಲಿದ್ದ ಔಷಧಿ ನಿಯಂತ್ರಣ ಕಚೇರಿಯ ಈಜುಗಾರ ತನ್ನ ಎರಡು ತೋಳುಗಳನ್ನು ಸಂಶಯದಿಂದ ನೋಡಿಕೊಂಡ. ಸೀಟಿ ಮೊಳಗಿತು.

ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದವರು ಆ ಕೆರೆಗೆ ಇಳಿದಿರಲಿಲ್ಲ. ಗುಮಾಸ್ತರ ಬರಿಯ ಎಡಗೈ ಮೊದಲು ಕಿರುಚಿತು, ಆಮೇಲೆ ಮರಗಟ್ಟಿತು. ಬಲಗೈ ಮಾತ್ರ ಬೆಚ್ಚಗೆ ಸುಖವಾಗಿತ್ತು. ಒಂದೇ ದೇಹದಲ್ಲಿ ಇಂಥ ಅಸಮಾನತೆಯನ್ನು ಅವರು ಹಿಂದೆಂದೂ ಕಂಡಿರಲಿಲ್ಲ. ತಲೆ ತಗ್ಗಿಸಿ ಕೊಳದಲ್ಲಿ ಬಡಿದಂತೆಯೇ ಬಡಿದರು. ದೂರದಲ್ಲಿ ಗುರುತಿಗೆಂದು ತೇಲಿಬಿಟ್ಟಿದ್ದ ಹಳದಿ ಪ್ಲಾಸ್ಟಿಕ್ ಬುರುಡೆಯನ್ನು ಸುತ್ತಿ ವಾಪಸು ಬರಬೇಕಿತ್ತು, ಅಷ್ಟೇ.

ಆದರೆ ಸ್ವಾತಂತ್ರ್ಯ ಸಿಕ್ಕ ಎಡಗೈ ಉದ್ದಕ್ಕೆ ಎಳೆಯುತ್ತಿತ್ತು, ರಕ್ಷಣೆ ಸಿಕ್ಕ ಬಲಗೈ ಗಿಡ್ಡಕ್ಕೆ ತಳ್ಳುತ್ತಿತ್ತು. ಗುಮಾಸ್ತರು ನೇರ ಹೋಗುತ್ತಿದ್ದೇನೆಂದುಕೊಂಡು ಬಲಕ್ಕೆ, ಮತ್ತೂ ಬಲಕ್ಕೆ ತಿರುಗುತ್ತಾ ಹೋದರು. ದಂಡೆಯ ಮೇಲಿದ್ದವರಿಗೆ ಇದು ಕಾಣುತ್ತಿತ್ತು. “ಸೈಡಿಂದ ಹೋಗಿ ಎಲ್ಲರನ್ನೂ ಹಿಡೀತಾರೆ ನೋಡಿ, ತಂತ್ರ ಅದು!” ಎಂದ ಮೈಕಿನವನು.

ಬುರುಡೆ ಸುತ್ತಿ ಎಲ್ಲರಿಗಿಂತ ಮೊದಲು ವಾಪಸು ಬರುತ್ತಿದ್ದ ಲೈನ್‌ಮನ್, ಬರುವ ದಾರಿಯಲ್ಲಿ ಎದುರಿಗೆ ಗುಮಾಸ್ತರು ಬರುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಗುಮಾಸ್ತರ ತಲೆ ಏನೋ ಮೆತ್ತಗಿನದಕ್ಕೆ ಬಡಿಯಿತು. ತಲೆಯೆತ್ತಿ ನೋಡಿದರೆ ಲೈನ್‌ಮನ್. ಈಜುತ್ತಿರಲಿಲ್ಲ. ಹಲ್ಲು ಕಚ್ಚಿ, ಕಾಲು ಹಿಡಿದುಕೊಂಡು ಒದ್ದಾಡುತ್ತಿದ್ದ.

“ಸ್ನಾಯು... ಹಿಡ್ಕೊಂಡಿದೆ... ಎರಡೂ ಕಾಲು!”

ಅವನು ಮುಳುಗುವ ಹಾಗಿರಲಿಲ್ಲ, ರಬ್ಬರಿನ ಸೂಟು ಮುಳುಗಲು ಬಿಡುವುದಿಲ್ಲ. ಆದರೆ ಹೆದರಿದವನಿಗೆ ವಿಜ್ಞಾನ ನೆನಪಿಗೆ ಬರುವುದಿಲ್ಲ. ನೀರು ಕುಡಿಯುತ್ತಾ, ಕೈ ಬೀಸಿ ಗುಮಾಸ್ತರ ಬರಿಯ ಎಡಭುಜಕ್ಕೆ ಜೋತುಬಿದ್ದ. ಭುಜ ಜಾರಿತು, ಇಬ್ಬರೂ ಒಂದು ಮುಳುಗು ಹೋಗಿ ಬಂದರು. ಕಾವಲಿನ ದೋಣಿಗಳೆಲ್ಲ ಆ ಕಡೆ ಹಿಂದೆ ಉಳಿದವರ ಸುತ್ತ ಇದ್ದವು.

“ಆ ಕಡೆ ಅಲ್ಲ ಕಣಪ್ಪಾ!” ಎಂದು ಗುಮಾಸ್ತರು ಕೆರೆಯೇ ನಡುಗುವಂತೆ ಅರಚಿದರು. “ತೋಳಿರೋ ಕಡೆ ಹಿಡ್ಕೋ! ತೋಳಿರೋ ಕಡೆ!”

ಲೈನ್‌ಮನ್ ತಡಕಾಡಿ ಬಲತೋಳು ಹಿಡಿದ. ಅದು ಬೆಂಡಿನಂತೆ ತೇಲಿತು. ಗುಮಾಸ್ತರು ಮಲಗಿದ ಹಾಗೆ ಹಿಂದಕ್ಕೆ ಒರಗಿ, ಎಡಗೈಯಲ್ಲಿ ನೀರು ತಳ್ಳುತ್ತಾ, “ಏನೂ ಆಗಲ್ಲ, ಉಸಿರಾಡು. ಮೂಗಲ್ಲಿ ಬೇಡ, ಬಾಯಲ್ಲಿ,” ಎಂದು ಮಾತಾಡುತ್ತಲೇ ಹೋದರು. ತಮಗೆ ಎಷ್ಟು ಭಯವಾಗಿತ್ತೆಂದರೆ ಮಾತು ನಿಲ್ಲಿಸುವ ಧೈರ್ಯ ಇರಲಿಲ್ಲ. ಅವನ ಊರು ಕೇಳಿದರು, ಮಕ್ಕಳೆಷ್ಟು ಕೇಳಿದರು, ಕರೆಂಟು ಕಂಬದ ಮೇಲೆ ಹತ್ತಿದಾಗ ಹೆದರಿಕೆ ಆಗಲ್ವಾ ಎಂದು ಕೇಳಿದರು. ಅವನು ನಡುಗುತ್ತಲೇ ಉತ್ತರ ಕೊಟ್ಟ. ಗುಮಾಸ್ತರ ಮಾತನ್ನು ಒಬ್ಬ ಮನುಷ್ಯ ಒಂದಕ್ಷರವೂ ಬಿಡದೆ ಕೇಳಿದ್ದು ಅದೇ ಮೊದಲು.

ದೋಣಿ ಬಂತು. ಲೈನ್‌ಮನ್‌ನನ್ನು ಎತ್ತಿ ಹಾಕಿಕೊಂಡರು. “ನೀವೂ ಹತ್ತಿ ಸಾರ್,” ಎಂದು ದೋಣಿಯವನು ಕೈ ಚಾಚಿದ. ಗುಮಾಸ್ತರಿಗೆ ಹತ್ತುವ ಆಸೆ ತುಂಬ ಇತ್ತು. ಆದರೆ ಬಲಗೈ ತಲೆಯ ಮಟ್ಟಕ್ಕೆ ಏಳಲಿಲ್ಲ, ಎಡಗೈಗೆ ಬೆರಳುಗಳೇ ಇದ್ದಂತಿರಲಿಲ್ಲ.

“ಇಬ್ಬರು ಹಿಡಿದು ಎಳ್ಕೋತೀವಿ ಬಿಡಿ.”

ಗುಮಾಸ್ತರು ದಂಡೆಯ ಕಡೆ ನೋಡಿದರು. ಅಷ್ಟು ದೂರದಿಂದ ಯಾರ ಮುಖವೂ ಕಾಣುತ್ತಿರಲಿಲ್ಲ. ಸೈಕಲ್ಲುಗಳೆಲ್ಲ ಒಂದೊಂದಾಗಿ ಹೊರಟುಹೋಗುತ್ತಿದ್ದವು, ಒಂದು ಸೈಕಲ್ಲಿನ ಪಕ್ಕ ಒಬ್ಬರು ನಿಂತೇ ಇದ್ದರು. ಹಳದಿ ಬುರುಡೆ ಇನ್ನೂ ಆ ಕಡೆ, ಎಡಕ್ಕೆ ತೇಲುತ್ತಿತ್ತು.

“ಬೇಡಪ್ಪ,” ಎಂದರು ಅವರು, ತಮಗೇ ಆಶ್ಚರ್ಯವಾಗುವಂತೆ. “ಅದನ್ನೊಂದು ಸುತ್ತು ಹಾಕಿ ಬರ್ತೀನಿ.”

ಮತ್ತೆ ಹೊರಟರು, ಮತ್ತೆ ಬಲಕ್ಕೇ ತಿರುಗಿದರು. ಆಗ ದಂಡೆಯಿಂದ ಒಂದು ಹೆಣ್ಣು ದನಿ ನೀರಿನ ಮೇಲೆ ಸೀಳಿಕೊಂಡು ಬಂತು: “ಎಡಕ್ಕೇ! ಎಡಕ್ಕೆ ಬನ್ರೀ!”

ಆ ದನಿಗೆ ಅಕೌಂಟೆಂಟರು ದನಿಗೂಡಿಸಿದರು, ಮೇಲ್ವಿಚಾರಕಿ ದನಿಗೂಡಿಸಿದರು. ಮೀಟರಿನವರು, ಪೈಪಿನವರು, ಕೊನೆಗೆ ವ್ಯಾಪಾರ ಬಿಟ್ಟು ಟೀ ಮಾರುವವನು ಸಹ. ಗುಮಾಸ್ತರು ಬಲಕ್ಕೆ ವಾಲಿದಾಗಲೆಲ್ಲ ದಂಡೆ “ಎಡಕ್ಕೇ!” ಎಂದು ಗುಡುಗುತ್ತಿತ್ತು. ಎಡಕ್ಕೆ ಹೆಚ್ಚು ಬಂದರೆ “ಸಾಕೂ!” ಎನ್ನುತ್ತಿತ್ತು. ಹೀಗೆ ಇಡೀ ಊರು ಸೇರಿ ಒಬ್ಬ ಮನುಷ್ಯನನ್ನು ಬುರುಡೆ ಸುತ್ತಿಸಿ ದಡಕ್ಕೆ ತಂದಿತು.

ಅವರು ಮೆಟ್ಟಿಲ ಮೇಲೆ ತೆವಳಿ ಬಂದಾಗ ಮೇಡಂ ಓಡಿಬಂದು ಅವರ ಕಾಲಿನಿಂದ, ತಂಡದಲ್ಲಿ ಒಬ್ಬರಿಂದೊಬ್ಬರಿಗೆ ದಾಟಿಸಬೇಕಾದ ಗುರುತಿನ ಪಟ್ಟಿ ಬಿಚ್ಚಿ ತಮ್ಮ ಕಾಲಿಗೆ ಕಟ್ಟಿಕೊಂಡರು. “ಮೇಡಂ, ನನಗೆ ಸೂಟಿನ ಬಗ್ಗೆ ಏನೂ ಗೊತ್ತಿಲ್ಲ,” ಎಂದರು ಗುಮಾಸ್ತರು ನಡುಗುವ ತುಟಿಯಿಂದ.

“ಅದು ನಿನ್ನೆ ಫೋನಲ್ಲೇ ಗೊತ್ತಾಯ್ತು ರೀ,” ಎಂದು ನಕ್ಕು ಮೇಡಂ ಸೈಕಲ್ ಹತ್ತಿ ಮಾಯವಾದರು.

ಡ್ರೈವರ್ ಓಟ ಮುಗಿಸಿದಾಗ ನೀರಿನ ಕಚೇರಿ ಮುಗಿಸಿದವರಲ್ಲಿ ಕೊನೆಯದಾಗಿತ್ತು. ವಿದ್ಯುತ್ ಕಚೇರಿ ಮುಗಿಸಿಯೇ ಇರಲಿಲ್ಲ. ಅಕೌಂಟೆಂಟರೂ ಮೇಲ್ವಿಚಾರಕಿಯೂ ಕೈ ಕೈ ಹಿಡಿದು ಕುಣಿದರು. ಗೆದ್ದದ್ದು ತೋಳೇ ಎಂದು ಒಬ್ಬರು, ತೋಳಿಲ್ಲದ ಕೈಯೇ ಎಂದು ಇನ್ನೊಬ್ಬರು ಕುಣಿಯುತ್ತಲೇ ಜಗಳ ತೆಗೆದರು. ಲೈನ್‌ಮನ್ ಕಂಬಳಿ ಹೊದ್ದು ಕುಂಟುತ್ತಾ ಬಂದು ಗುಮಾಸ್ತರ ಪಕ್ಕ ಕೂತ. ಇಬ್ಬರೂ ಏನೂ ಮಾತಾಡದೆ ಬಿಸಿ ಟೀ ಕುಡಿದರು.

ಹೆಂಡತಿ ಬಂದು ಹಿಂದೆ ಮಂಡಿಯೂರಿದಳು. ಕೂಗಿ ಕೂಗಿ ಅವಳ ದನಿ ಕೂತುಹೋಗಿತ್ತು. ಮೊದಲು ಎಡಭುಜದ ಕೆಂಪು ಅಂಚನ್ನು ಬೆರಳಿನಿಂದ ಒಂದು ಸುತ್ತು ತಡವಿ, “ಹೊಲಿಗೆ ಬಿಟ್ಟಿಲ್ಲ,” ಎಂದಳು. ಆಮೇಲೂ ಕೈ ತೆಗೆಯಲಿಲ್ಲ. ಹಿಮದಂತಿದ್ದ ಆ ಬರಿಯ ತೋಳನ್ನು ತನ್ನೆರಡು ಅಂಗೈಯಲ್ಲಿ ಹಿಡಿದು ಮೇಲಿಂದ ಕೆಳಕ್ಕೆ ಉಜ್ಜತೊಡಗಿದಳು.

ಮೇಡಂ ಬೆವರು ಒರೆಸುತ್ತಾ ಬಂದು ನಿಂತರು. “ಮುಂದಿನ ವರ್ಷಾನೂ ನೀವೇ ಇಳೀಬೇಕು. ಈಗಲೇ ಹೇಳ್ತಿದ್ದೀನಿ.”

ಗುಮಾಸ್ತರು ಬಾಯಿ ತೆರೆದರು. ಅವರ ಬಾಯಿಂದ ಏನು ಬರುತ್ತದೋ ಅವರಿಗೂ ತಿಳಿದಿರಲಿಲ್ಲ. ಹೆಂಡತಿ ಮುಂಚೆಯೇ ಉತ್ತರ ಕೊಟ್ಟಳು, ಉಜ್ಜುವುದನ್ನು ನಿಲ್ಲಿಸದೆ.

“ಇಳೀತಾರೆ. ಆದ್ರೆ ಅಳತೆ ನಾನು ತಗೋತೀನಿ.”